ಮುಳ್ಳು ಕೆಂಪಿಗೆ ಹೋದಾಗ

ನಮ್ಮ ಮನೆಯಲ್ಲಿ ಯಾರಾದರೂ ಮೆಲ್ಲಗೆ ಮಾತಾಡಿದರೆ ಉಳಿದವರಿಗೆ ಅನುಮಾನ ಬರುತ್ತಿತ್ತು. ಒಂದೋ ಏನನ್ನೋ ಮುಚ್ಚಿಡುತ್ತಿದ್ದಾರೆ, ಇಲ್ಲವೇ ಜ್ವರ ಬಂದಿದೆ. ಗದ್ದೆ ಮುಗಿಯುವಲ್ಲೇ ಕಾಡು ಶುರು. ಭತ್ತ ಹಾಲುಗಟ್ಟುವ ಹೊತ್ತಿಗೆ ಆನೆ ಬರುತ್ತಿತ್ತು, ಹಂದಿ ಬರುತ್ತಿತ್ತು. ಮರದ ಮೇಲೆ ಕಟ್ಟಿದ ಕಾವಲು ಗುಡಿಸಲಿಗೆ ನಮ್ಮಲ್ಲಿ ಏರುಮಾಡ ಅನ್ನುತ್ತೇವೆ. ಅಲ್ಲಿ ಕೂತು ಕೂಗಿ ಕೂಗಿ ಬಲಿತ ಗಂಟಲುಗಳು ನಮ್ಮವು. ಮನೆಗೆ ಬಂದ ಮೇಲೆ ಆ ಗಂಟಲನ್ನು ಗೂಟಕ್ಕೆ ನೇತುಹಾಕುವ ಅಭ್ಯಾಸ ಯಾರಿಗೂ ಇರಲಿಲ್ಲ. ಉಪ್ಪಿನ ಗಡಿಗೆ ಎಲ್ಲಿ ಎಂದು ಅವ್ವ ಒಲೆಯ ಮುಂದೆ ಕೂತು ಕೇಳಿದರೆ, ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದ ಚಿಕ್ಕಪ್ಪ ಏಣಿಯ ಮೇಲಿಂದ ಉತ್ತರ ಕೊಡುತ್ತಿದ್ದ. ಜಗಲಿ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು ಸಾಲಾಗಿದ್ದವು, ರೈಲಿನ ಡಬ್ಬಿಗಳ ಹಾಗೆ. ಮುದ್ದೆಗೆ ಸಾರು ನೀರಾಯಿತೆಂದು ಅಡುಗೆಮನೆಯಲ್ಲಿ ಹುಟ್ಟಿದ ಜಗಳ ನಡುಮನೆಯಲ್ಲಿ ಮೈ ತುಂಬಿಕೊಂಡು, ಜಗಲಿ ದಾಟುವಷ್ಟರಲ್ಲಿ ಮೂರು ತಲೆಮಾರಿನ ಜಗಳವಾಗಿರುತ್ತಿತ್ತು. ನಾನು ಓದಿದ್ದು ಪುಲ್ಪಳ್ಳಿಯ ಮಲಯಾಳಂ ಶಾಲೆಯಲ್ಲಿ. ಅಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲಿಸಿ, ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದನ್ನು ಕಲಿಸಿದರು. ಹಾಗಾಗಿ ವಾದ ಕಲಿತದ್ದು ಮಲಯಾಳಂನಲ್ಲಿ, ಜಗಳ ಕಲಿತದ್ದು ಕನ್ನಡದಲ್ಲಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ಆಗ ನಂಬಿದ್ದೆ.

ಆ ಮನೆಯಲ್ಲಿ ಅದ್ದೂರಿಯ ವಸ್ತು ಅಂತ ಇದ್ದದ್ದು ಒಂದೇ, ಚಿಕ್ಕಪ್ಪ ಮೈಸೂರಿನಿಂದ ತಂದ ಟೇಪು. ರೇಡಿಯೋ, ಕ್ಯಾಸೆಟ್ಟು ಎರಡೂ ಇದ್ದ, ಹಿಡಿಕೆಯಲ್ಲಿ ಎತ್ತಿಕೊಂಡು ಓಡಾಡಬಹುದಾದ ಕಪ್ಪು ಪೆಟ್ಟಿಗೆ. ನಡುಮನೆಯಲ್ಲಿ ಭತ್ತ ತುಂಬಿಡುವ ಮರದ ಪತ್ತಾಯದ ಮೇಲೆ, ಅವ್ವ ಹೆಣೆದ ಬಿಳಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಚಿಕ್ಕಪ್ಪನ ಹೊರತು ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಅದರ ಎದೆಯ ಮೇಲೆ ಬೆರಳಗಲದ ಒಂದು ಗಾಜಿನ ಕಿಂಡಿ, ಕಿಂಡಿಯೊಳಗೆ ಒಂದು ಸಣ್ಣ ಮುಳ್ಳು, ಬಲಗಡೆಯ ಕೊನೆಯಲ್ಲಿ ಒಂದಿಷ್ಟು ಕೆಂಪು ಬಣ್ಣ. ಅದೇನೆಂದು ಕೇಳಿದವರಿಗೆ ಚಿಕ್ಕಪ್ಪ ಹೇಳುತ್ತಿದ್ದದ್ದು:

"ಅದು ಬ್ಯಾಟ್ರಿ ಮುಳ್ಳು. ಕೆಂಪಿಗೆ ಹೋಯ್ತು ಅಂದ್ರೆ ಬ್ಯಾಟ್ರಿ ಫುಲ್ಲು."

ಈ ಮಾತನ್ನು ಪ್ರಶ್ನಿಸಬೇಕೆಂದು ನನಗೆ ಹೊಳೆಯಲಿಲ್ಲ. ದೇವರನ್ನೂ ದೆವ್ವವನ್ನೂ ಪ್ರಶ್ನಿಸುತ್ತಿದ್ದವಳು ಚಿಕ್ಕಪ್ಪನ ಮುಳ್ಳನ್ನು ನಂಬಿದ್ದೆ. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಇನ್ನು ಅಜ್ಜಿ. ಅಪ್ಪನ ತಾಯಿ. ಗಡಿಯಾಗಿ ಹರಿಯುವ ಹೊಳೆಯ ಈಚೆ ನಮ್ಮ ದಡದಲ್ಲೂ ಆಚೆ ಮೈಸೂರು ಕಡೆಯ ಬೈರಕುಪ್ಪೆ ದಡದಲ್ಲೂ ನಮ್ಮವರ ಯಾವ ಮದುವೆಯಾದರೂ ಸೋಬಾನೆ ಹಾಡಲು ಅವಳಿಗೆ ಕರೆ ಬರುತ್ತಿತ್ತಂತೆ. ಧಾರೆಯ ಹೊತ್ತಿಗೆ ಹಾಡುವ ಒಂದು ಹಾಡಿತ್ತು. ಹೊಳೆಯನ್ನೇ ಕರೆದು, ನಮ್ಮ ಹೆಣ್ಣು ದಾಟಬೇಕು, ತುಸು ತಗ್ಗು ತಾಯಿ ಎಂದು ಕೇಳಿಕೊಳ್ಳುವ ಹಾಡು. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ತನ್ನ ಚಾಪೆಯನ್ನು ನಡುಮನೆಯಿಂದ ಅಡುಗೆಮನೆಗೆ ಎಳೆದುಕೊಂಡು ಹೋದಳು. ಹೋಗೆಂದು ಯಾರೂ ಹೇಳಿರಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ. ಆಮೇಲಿನ ಮದುವೆಗಳಲ್ಲಿ ಅವಳ ಜಾಗ ಚಪ್ಪರದ ಹಿಂದೆ, ತರಕಾರಿ ಹೆಚ್ಚುವವರ ನಡುವೆ. ಗಂಡನಿಲ್ಲದವಳು ಧಾರೆಯ ಮುಂದೆ ನಿಲ್ಲಬಾರದು, ಹಾಡಬಾರದು. ಮನೆಯಲ್ಲಿ ಮಾತ್ರ ರಾಗಿ ಬೀಸುವಾಗ, ಮಜ್ಜಿಗೆ ಕಡೆಯುವಾಗ ಆ ಹಾಡುಗಳ ತುಂಡುಗಳು ಅವಳ ಬಾಯಿಂದ ತಾವಾಗಿಯೇ ಉದುರುತ್ತಿದ್ದವು. ಅಕ್ಕ ಸುನಂದ ಮತ್ತು ನಾನು ಕೇಳಿ ಬೆಳೆದದ್ದು ಆ ತುಂಡುಗಳನ್ನೇ.

ಸುನಂದಕ್ಕನಿಗೆ ಹೊಳೆಯಾಚೆಯ ಗಂಡು ನಿಶ್ಚಯವಾಯಿತು. ಮದುವೆ ನಮ್ಮ ಅಂಗಳದಲ್ಲಿ. ಒಂದು ಮಧ್ಯಾಹ್ನ ಅಕ್ಕ ಅಡುಗೆಮನೆಯಲ್ಲಿ ಗೆಣಸಿನ ಸಿಪ್ಪೆ ತೆಗೆಯುತ್ತಾ, ತಲೆ ಎತ್ತದೆ ಹೇಳಿದಳು:

"ಅಜ್ಜೀ, ಧಾರೆ ಹೊತ್ತಿಗೆ ನಿನ್ನ ಹೊಳೆ ಹಾಡು ಬೇಕು ನಂಗೆ."

"ಆಗಾಕಿಲ್ಲ ಕಣವ್ವ. ನಾನು ಮುಂದೆ ನಿಂತ್ಕಬಾರ್ದು."

"ನೀನು ನಿಂತ್ಕಬ್ಯಾಡ," ಎಂದೆ ನಾನು. ಹೊಸಿಲ ಮೇಲೆ ಕೂತು ಬೇಯಿಸಿದ ಕಪ್ಪ, ಅಂದರೆ ಮರಗೆಣಸು, ತಿನ್ನುತ್ತಿದ್ದೆ. "ಟೇಪು ನಿಂತ್ಕತದೆ. ಇಲ್ಲೇ ಹಾಡು, ತುಂಬಿಸ್ಕತೀವಿ. ಅವತ್ತು ಹಾಕಿದ್ರಾಯ್ತು. ಟೇಪಿಗೇನು ಗಂಡ ಸತ್ತಿದ್ದಾನಾ?"

ಅವ್ವ ಸೌಟು ಎತ್ತಿದಳು. "ನಾಲ್ಗೆ ಸೀಳ್ತೀನಿ ನೋಡು! ಇಸ್ಕೂಲಲ್ಲಿ ಇದ್ನೇ ಏನೇ ಕಲಿಸೋದು ನಿಂಗೆ?"

ಅಜ್ಜಿ ಮಾತ್ರ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂದು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಈ ವಕೀಲಮ್ಮ ಸೂಜಿ ಕಣ್ಣೊಳಗೆ ಆನೆ ದಾಟಿಸ್ತಾಳೆ ಕಣ್ರೇ," ಎಂದಳು. ಮೂರನೆಯ ದಿನ ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು, ನಡುಮನೆಯ ಬಾಗಿಲಲ್ಲಿ ನಿಂತು, "ಎಲ್ಲದೆ ಆ ಡಬ್ಬ?" ಎಂದು ಕೇಳಿದಳು.

ಎಷ್ಟೋ ವರ್ಷಗಳ ನಂತರ ಅಂದು ಅಜ್ಜಿ ನಡುಮನೆಯಲ್ಲಿ ಚಾಪೆ ಹಾಸಿ ಕೂತಳು. ಚಿಕ್ಕಪ್ಪ ಹೊಸ ಬ್ಯಾಟರಿ ತುಂಬಿ, ಟೇಪನ್ನು ಅವಳ ಮಡಿಲಲ್ಲೇ ಇಟ್ಟು, ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತಿ, ಹಾಡು ಎಂದು ಸನ್ನೆ ಮಾಡಿದ. ಅಜ್ಜಿ ಕೂಸಿನ ಮುಖ ಹಿಡಿದ ಹಾಗೆ ಟೇಪನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದು ಹಿಡಿಯುವ ಸಣ್ಣ ಸಣ್ಣ ತೂತುಗಳಿದ್ದ ಕಡೆಗೆ ಬಾಯಿ ತಂದು, ಏರುಮಾಡದ ಗಂಟಲಲ್ಲಿ ಎತ್ತಿಕೊಂಡಳು. ನನ್ನ ಕಿವಿ ಗುಂಯ್ ಎಂದಿತು. ಹಾಡು ಆವತ್ತಿಗಲ್ಲ, ಮದುವೆಯ ದಿನಕ್ಕೆ, ಅಂದರೆ ದೂರಕ್ಕೆ. ದೂರಕ್ಕೆ ಮುಟ್ಟಬೇಕಾದರೆ ಗಟ್ಟಿಯಾಗಿ ಎಸೆಯಬೇಕು. ಇದು ಅವಳ ಲೆಕ್ಕ. ಮುಳ್ಳು ಹಾರಿ ಕೆಂಪಿನ ಕೊನೆಗೆ ಹೋಗಿ ಅಲ್ಲೇ ಅಂಟಿಕೊಂಡಿತು. ಚಿಕ್ಕಪ್ಪ ಅದನ್ನು ನನಗೆ ತೋರಿಸಿ, ಹೆಬ್ಬೆರಳೆತ್ತಿ, ಬ್ಯಾಟರಿ ಫುಲ್ಲು ಎಂದು ಬಾಯಾಡಿಸಿದ. ನಡುವೆ ಒಮ್ಮೆ ಗಂಟಲು ಒಣಗಿ ಅಜ್ಜಿ ನೀರು ಕೇಳಿದ್ದು, ಕುಡಿದದ್ದು ಬಿಟ್ಟರೆ, ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದು ಗುಂಡಿ ಟಕ್ಕೆಂದು ಮೇಲೇಳುವ ತನಕ ಅವಳು ನಿಲ್ಲಿಸಲಿಲ್ಲ.

ಹಿಂದಕ್ಕೆ ಸುತ್ತಿ ಹಾಕಿದಾಗ ಬಂದದ್ದು ಹಾಡಲ್ಲ. ತಗಡಿನ ಮೇಲೆ ಜಲ್ಲಿ ಎಳೆದ ಹಾಗೆ ಒಂದು ಸದ್ದು. ದನಿ ಏರಿದಲ್ಲೆಲ್ಲಾ ಒಡೆದು ಚೂರುಚೂರು. ಅಜ್ಜಿ ಟೇಪಿನ ಕಡೆ ನೋಡಲಿಲ್ಲ, ತನ್ನ ಕೈಗಳನ್ನು ನೋಡಿಕೊಂಡಳು.

"ಟೇಪಿನ ಪಟ್ಟಿ ಉಜ್ಜೋ ಹೆಡ್ಡಲ್ಲಿ ಕೊಳೆ ಕೂತದೆ," ಎಂದ ಚಿಕ್ಕಪ್ಪ. ಆಮೇಲೆ ಸ್ಪೀಕರು ಹರಿದಿದೆ ಎಂದ. ಆಮೇಲೆ ಕ್ಯಾಸೆಟ್ಟು ಕಳ್ಳಮಾಲು ಎಂದ. ಒಂದು ರೋಗಕ್ಕೆ ಮೂರು ಕಾರಣ ಹೇಳುವವನಿಗೆ ಒಂದೂ ಗೊತ್ತಿಲ್ಲ ಎಂದು ನಾನು ಹೇಳಿದೆ. ಅವನಿಗೆ ಸಿಟ್ಟು ಬಂತು.

"ಹಂಗಾರೆ ನೀನೇ ಹೇಳೇ, ದೊಡ್ಡ ಎಂಜಿನಿಯರಮ್ಮ!"

ಇಂಥ ಮಾತಿಗೇ ನಾನು ಕಾಯುತ್ತಿದ್ದೆ. ಮರುದಿನ ಊಟವಾದ ಮೇಲೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದೆ. ಮೊದಲು ರೇಡಿಯೋ ಹಾಕಿದೆ. ಮೈಸೂರಿನ ವಾರ್ತೆ ಸ್ಪಷ್ಟವಾಗಿ ಬಂತು. ಸ್ಪೀಕರು ಹರಿದಿದ್ದರೆ ವಾರ್ತೆಯೂ ಒದರಬೇಕಿತ್ತು, ಆದ್ದರಿಂದ ಸ್ಪೀಕರಿನ ತಪ್ಪಲ್ಲ. ಅದೇ ಅಂಗಡಿಯಲ್ಲಿ ಕೊಂಡು ಚಿಕ್ಕಪ್ಪ ರೇಡಿಯೋದಿಂದ ತುಂಬಿಸಿದ್ದ ಬೇರೊಂದು ಕ್ಯಾಸೆಟ್ಟು ಹಾಕಿದೆ. ಭಜನೆ ಚೆನ್ನಾಗಿಯೇ ಕೇಳಿತು, ಆದ್ದರಿಂದ ಕ್ಯಾಸೆಟ್ಟೂ ಕಳ್ಳಮಾಲಲ್ಲ. ಹೆಡ್ಡಿನಲ್ಲಿ ಕೊಳೆಯಿದ್ದರೆ ದನಿ ಕಂಬಳಿಯೊಳಗಿಂದ ಬಂದ ಹಾಗೆ ಮಂಕಾಗುತ್ತದೆ, ಒಡೆಯುವುದಿಲ್ಲ. ಆದರೂ ಚಿಕ್ಕಪ್ಪನ ಸಮಾಧಾನಕ್ಕೆ ಹತ್ತಿಯಲ್ಲಿ ಸ್ಪಿರಿಟ್ಟು ಅದ್ದಿ ಒರೆಸಿದೆ. ಬ್ಯಾಟರಿ ಸೋತಿದ್ದರೆ ಹಾಡು ಎಳೆಯುತ್ತದೆ, ಇದು ಎಳೆದಿರಲಿಲ್ಲ. ಕೊನೆಗೆ ಅಜ್ಜಿಯ ಕ್ಯಾಸೆಟ್ಟನ್ನು ಎತ್ತಿಕೊಂಡು, ಎಲ್ಲರನ್ನೂ ಬೇಲಿಯ ತನಕ ನಡೆಸಿ, ಪಕ್ಕದ ಮನೆಯ ಮಲಯಾಳಿ ಅಕ್ಕ ಏಲಿಯಮ್ಮ ಚೇಚಿಯ ಟೇಪಿನಲ್ಲಿ ಹಾಕಿಸಿದೆ. ಅಲ್ಲೂ ಅದೇ ಜಲ್ಲಿ. ಚೇಚಿ ಒಳಗಿಂದ ಓಡಿ ಬಂದಳು.

"ಆರಾ ಮೋಳೇ, ಆರಾ ಕರಯುನ್ನೆ?"

ಯಾರು ಮಗಳೇ ಅಳುತ್ತಿರುವುದು ಎಂದು ಅವಳು ಕೇಳಿದ್ದು. ನಾನು ಚರ್ಚಾಸ್ಪರ್ಧೆಯ ಕೊನೆಯ ನಿಮಿಷದಲ್ಲಿದ್ದವಳ ಹಾಗೆ ಬೆರಳೆತ್ತಿ ತೀರ್ಪು ಕೊಟ್ಟೆ:

"ಆದ್ದರಿಂದ ಟೇಪಿನ ತಪ್ಪು ಏನೂ ಇಲ್ಲ. ತಪ್ಪಿರೋದು ಹಾಡಲ್ಲೇ."

ಗೆದ್ದೆ ಎಂದುಕೊಂಡೆ. ಅಜ್ಜಿ ಬೇಲಿಯ ಈಚೆ ನಿಂತಿದ್ದಳು. ಮೆಲ್ಲಗೆ ಹೇಳಿದಳು:

"ಗೊತ್ತಾಯ್ತು ಬುಡವ್ವ. ಹಾಡಬಾರ್ದು ಅಂತ ಇತ್ತು. ಹಾಡ್ದೆ. ಒಡೀತು."

ಹೇಳಿ ಹಿಂತಿರುಗಿ ನಡೆದಳು. ಚಾಪೆಯನ್ನು ಮತ್ತೆ ಅಡುಗೆಮನೆಗೆ ಎಳೆದುಕೊಂಡಳು. ನನಗೆ ಬೇಲಿಯ ಬಳಿಯೇ ತಲೆ ಬಿಸಿಯಾಯಿತು. ಗಂಡನಿಲ್ಲದವಳು ಹಾಡಬಾರದೆಂಬ ಶಕುನವನ್ನು ಸೋಲಿಸಲು ಹೊರಟವಳು ನಾನು. ಸ್ಪೀಕರು, ಹೆಡ್ಡು, ಬ್ಯಾಟರಿ ಎಂದು ಅದರ ಎದುರಾಳಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಅಂಗಳದಿಂದ ಹೊರಗಟ್ಟಿ, ಕೊನೆಗೆ ಶಕುನವೊಂದನ್ನೇ ಉಳಿಸಿ, ಅದಕ್ಕೇ ಹಾರ ಹಾಕಿ ಬಂದಿದ್ದೆ. ನನ್ನ ಒಂದೊಂದು ಮೆಟ್ಟಿಲೂ ಸರಿಯಾಗಿತ್ತು. ಇವತ್ತಿಗೂ ಅವನ್ನು ಸಮರ್ಥಿಸಬಲ್ಲೆ. ಆದರೆ ಮುಟ್ಟಿದ ಜಾಗ ತಪ್ಪಾಗಿತ್ತು.

ಆಮೇಲಿನ ದಿನಗಳಲ್ಲಿ ಅಜ್ಜಿ ರಾಗಿ ಬೀಸಿದಳು, ಬೀಸುಕಲ್ಲಿನ ಸದ್ದು ಮಾತ್ರ ಬಂತು. ಮಜ್ಜಿಗೆ ಕಡೆದಳು, ಕಡೆಗೋಲಿನ ಸದ್ದು ಮಾತ್ರ ಬಂತು. ಉಪ್ಪು ಬೇಕಾದರೆ ಎದ್ದು ಹೋಗಿ ತಂದುಕೊಂಡಳು. ಅವಳ ಜೊತೆ ಉಳಿದವರೂ ದನಿ ಇಳಿಸಿದರು. ಆ ಮನೆಯಲ್ಲಿ ಜಗಳವೂ ನಡುಮನೆ ತಲುಪದೆ ಅಡುಗೆಮನೆಯಲ್ಲೇ ಸತ್ತುಹೋಗತೊಡಗಿತು. ಸುನಂದಕ್ಕ ನನ್ನ ಜೊತೆ ಮಾತು ಬಿಟ್ಟಳು. ಬಿಡುವ ಮುಂಚೆ ಒಂದು ಮಾತು ಹೇಳಿದಳು:

"ನಿಂಗೆ ಗೆಲ್ಲಾಕೆ ಅಜ್ಜಿನೇ ಸಿಕ್ಕಿದ್ದಾ?"

ಚಿಕ್ಕಪ್ಪ ಗದ್ದೆಗೆ ಹೋದಾಗಲೆಲ್ಲ ಟೇಪನ್ನು ಕದ್ದು ಪತ್ತಾಯದ ಹಿಂದೆ ಕೂತು, ಆ ಕ್ಯಾಸೆಟ್ಟನ್ನು ಹಾಕಿ, ಸ್ಪೀಕರಿಗೆ ಕಿವಿ ಒತ್ತಿಕೊಂಡು ಕೇಳಿದೆ. ಒಂದು ತಪ್ಪನ್ನು ಅಷ್ಟು ಸಲ ಯಾರೂ ಕೇಳಿರಲಾರರು. ಎಷ್ಟನೆಯ ಸಲವೋ ಏನೋ, ಜಲ್ಲಿಯ ನಡುವೆ ಅಜ್ಜಿ "ಒಸಿ ನೀರು ಕೊಡವ್ವ" ಎಂದದ್ದು ಬಂತು. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದೆ. ಆ ಮೂರು ಮಾತು ಎಳನೀರಿನ ಹಾಗೆ ತಿಳಿಯಾಗಿತ್ತು. ಅವಳು ನುಂಗಿದ್ದು ಕೇಳಿಸಿತು, ಲೋಟ ನೆಲಕ್ಕೆ ತಾಗಿದ್ದು ಕೇಳಿಸಿತು. ಅದೇ ಗಂಟಲು, ಅದೇ ಟೇಪು, ಅದೇ ಕ್ಯಾಸೆಟ್ಟು, ಅದೇ ಗಂಡನಿಲ್ಲದ ಹೆಂಗಸು. ಮೆಲ್ಲಗೆ ಮಾತಾಡಿದ್ದು ಒಡೆದಿಲ್ಲ, ಎತ್ತಿ ಹಾಡಿದ್ದು ಒಡೆದಿದೆ. ಖಾಲಿ ಕ್ಯಾಸೆಟ್ಟು ಹಾಕಿ, ಕೆಂಪು ಗುಂಡಿ ಒತ್ತಿ, ನನ್ನ ಹೆಸರು ಹೇಳಿದೆ. ಮುಳ್ಳು ಅರ್ಧಕ್ಕೆ ಏರಿ ಇಳಿಯಿತು. ಗಟ್ಟಿಯಾಗಿ ಹೇಳಿದೆ. ಕೆಂಪಿಗೆ ಹಾರಿತು. ಸುಮ್ಮನಾದೆ. ಬಿದ್ದುಹೋಯಿತು. ಸುಮ್ಮನಿದ್ದಾಗ ಖಾಲಿಯಾಗಿ ಕೂಗಿದಾಗ ತುಂಬುವ ಬ್ಯಾಟರಿ ಯಾವ ಊರಿನದು? ಹಾಡು ತುಂಬಿಸಿಕೊಳ್ಳುವಾಗ ಆ ಮುಳ್ಳು ಅಳೆಯುತ್ತಿದ್ದದ್ದು ಸದ್ದನ್ನು. ಸಾಕು, ಇನ್ನು ಹಿಡಿಸುವುದಿಲ್ಲ ಎಂದು ಆ ಬಡಪಾಯಿ ಹಾಡಿನುದ್ದಕ್ಕೂ ಕೆಂಪಿನಲ್ಲಿ ನಿಂತು ಹೇಳಿತ್ತು, ನಾವು ಹೆಬ್ಬೆರಳೆತ್ತಿದ್ದೆವು. ವಾಲ್ಯೂಮ್ ತಿರುಪು ಇಳಿಸಿ ನೋಡಿದೆ, ತುಂಬಿಕೊಳ್ಳುವುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಒಮ್ಮೆ ಒಡೆದು ತುಂಬಿದ್ದನ್ನು ಆಮೇಲೆ ಎಷ್ಟು ಸಣ್ಣಗೆ ಹಾಕಿದರೂ ಸಣ್ಣ ಜಲ್ಲಿಯೇ. ದೂರ ಸರಿದು ಕೂಗಿ ನೋಡಿದೆ. ಮೂರು ಹೆಜ್ಜೆ ಆಚೆಯಿಂದ ಕೂಗಿದಾಗ ಮುಳ್ಳು ಕೆಂಪಿನ ಅಂಚು ಮುಟ್ಟಿ ವಾಪಸು ಬಂತು.

ಟೇಪನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಜ್ಜಿ ಹುರುಳಿ ಕೇರುತ್ತಿದ್ದಳು.

"ಅದ್ನ ಇಲ್ಲಿಗೆ ತರಬ್ಯಾಡ."

"ನಿನ್ನದಲ್ಲ ಅಜ್ಜೀ, ನನ್ನದು ಕೇಳು," ಎಂದು ಗುಂಡಿ ಒತ್ತಿದೆ. ತೂತುಗಳಿಗೆ ಬಾಯಿಟ್ಟು ನಾನು ಆನೆ ಅಟ್ಟುವ ಕೂಗು ಹಾಕಿದ್ದು ಬಂತು: ಅದೇ ತಗಡು, ಅದೇ ಜಲ್ಲಿ, ಚೂರುಚೂರು. ಅಜ್ಜಿಯ ಮೊರ ನಿಂತಿತು.

"ಏನೇ ಇದು? ನಿನ್ನ ಗಂಟಲಿಗೂ ಬಂತಾ?"

"ಬಂತು. ನಂಗೆ ಗಂಡ ಸತ್ತಿಲ್ಲ. ಗಂಡನೇ ಇಲ್ಲ. ಮತ್ತ್ಯಾಕೆ ಒಡೀತು?"

ಮೂರು ಹೆಜ್ಜೆ ದೂರದಿಂದ ಕೂಗಿದ್ದನ್ನು ಕೇಳಿಸಿದೆ, ಒಡೆದಿರಲಿಲ್ಲ. ಅವಳು ಮೊರವನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಟೇಪನ್ನು ತನ್ನ ಕಡೆ ಎಳೆದುಕೊಂಡಳು. ನಾನು ಕೆಂಪು ಗುಂಡಿ ಒತ್ತಿ ಹಿಂದೆ ಸರಿದೆ. "ಹೋ" ಎಂದಳು. ಮುಳ್ಳು ಹಾರಿತು. "ಹೂಂ" ಎಂದಳು. ಇಳಿಯಿತು. ಕೋಳಿ ಕರೆಯುವ ಹಾಗೆ ಕರೆದಳು, ನಾಯಿ ಬೈಯುವ ಹಾಗೆ ಬೈದಳು, ಪ್ರತಿ ಸಲವೂ ಬಗ್ಗಿ ಕಿಂಡಿ ನೋಡಿದಳು. ಕೊನೆಗೆ ಗದ್ದೆಯ ಕಡೆಗೆ ತಿರುಗಿ, ಎಷ್ಟೋ ದಿನಗಳ ನಂತರ ಪೂರ್ತಿ ಗಂಟಲಲ್ಲಿ, "ಲೇ, ಬ್ಯಾಟ್ರಿ ಮುಳ್ಳಂತೆ! ನಿನ್ನ ಮಕಕ್ಕೆ!" ಎಂದು ಚಿಕ್ಕಪ್ಪನಿಗೆ ಕೂಗಿದಳು. ಮುಳ್ಳು ಕೆಂಪಿಗೆ ಹೋಗಿ ಅಂಟಿಕೊಂಡಿತು.

"ಮೊನ್ನೆ ನಾನು ಹೇಳಿದ್ದು ತಪ್ಪು ಅಜ್ಜೀ," ಎಂದೆ.

"ಹೇಳುವಾಗ ಬೇಲಿಗೆ ಎಲ್ರನ್ನೂ ಕರ್ಕಂಡು ಹೋಗಿದ್ದೆ. ಇವಾಗ ಒಲೆ ಮುಂದೆ ಗುಟ್ಟಾಗಿ ಹೇಳ್ತಿದ್ದೀಯ."

ಆ ಸಂಜೆ ಎಲ್ಲರೂ ಮುದ್ದೆಗೆ ಕೂತಾಗ ಎದ್ದು ನಿಂತು ಹೇಳಿದೆ. ಏಲಿಯಮ್ಮ ಚೇಚಿಗೂ ಬೇಲಿಗೆ ಹೋಗಿ ಹೇಳಿ ಬಂದೆ. ಸುನಂದಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ನಮ್ಮ ಮನೆಯಲ್ಲಿ ರಾಜಿ ಆಗುತ್ತಿದ್ದದ್ದೇ ಹಾಗೆ.

ಎರಡನೆಯ ಸಲ ಟೇಪು ಪತ್ತಾಯದ ಮೇಲೆ, ಅಜ್ಜಿ ಮೂರು ಹೆಜ್ಜೆ ಆಚೆ. ಮಡಿಲಲ್ಲಿ ಖಾಲಿ ಮೊರ ಇಟ್ಟುಕೊಂಡೇ ಕೂತಳು. ಕೈಯಲ್ಲಿ ಕೆಲಸವಿಲ್ಲದೆ ಹಾಡು ಬಾಯಿಗೆ ಬರುವುದಿಲ್ಲ ಎಂದಳು. ಮುಳ್ಳನ್ನು ನಾನು ಕಾದೆ. ಹೊಳೆಯನ್ನು ಕರೆಯುವ ಮೂರು ಕಡೆ ಅವಳ ದನಿ ಮೇಲೇಳುತ್ತಿತ್ತು. ಮೂರು ಸಲವೂ ಮುಳ್ಳು ಕೆಂಪಿನ ಅಂಚಿಗೆ ಹೋಗಿ ಬಂತು. ಹಿಂದಕ್ಕೆ ಸುತ್ತಿ ಹಾಕಿದಾಗ ಹಾಡು ಇಡಿಯಾಗಿತ್ತು. ಜೊತೆಗೆ ಚೇಚಿ ಆಡು ಕರೆದದ್ದೂ ಇತ್ತು. ಅದನ್ನು ಅಳಿಸುವುದು ಬೇಡ ಎಂದಳು ಅಜ್ಜಿ.

ಮದುವೆಯ ದಿನ ಪುಲ್ಪಳ್ಳಿಯಿಂದ ಮೈಕ್‌ಸೆಟ್ಟಿನವನು ಬಂದಿದ್ದ. ಧಾರೆಯ ಮಂಟಪದ ಎಡಕ್ಕೇ ಮೇಜು ಹಾಕಿ ತನ್ನ ಪೆಟ್ಟಿಗೆಗಳನ್ನು ಜೋಡಿಸಿದ್ದ. ಅಜ್ಜಿ ಚಪ್ಪರದ ಹಿಂದೆ, ಬಾಳೆಕಾಯಿ ಹೆಚ್ಚುವವರ ನಡುವೆ. ನಾನು ಅಕ್ಷತೆಯ ತಟ್ಟೆ ಹಿಡಿದು ಗಂಡಿನ ಕಡೆಯ ಹೆಂಗಸರ ಪಕ್ಕದಲ್ಲಿ. ಅಪ್ಪ, ಅವ್ವ ಅಕ್ಕನ ಕೈ ಹಿಡಿದರು, ಚಿಕ್ಕಪ್ಪ ಸನ್ನೆ ಮಾಡಿದ, ಕ್ಯಾಸೆಟ್ಟು ತಿರುಗಿತು. ಮೊದಲ ಸಾಲು ಚೆನ್ನಾಗಿಯೇ ಬಂತು. ಮೈಕಿನವನಿಗೆ ಅದು ಸಾಲಲಿಲ್ಲ. ಹೊಳೆಯಾಚೆಗೂ ಕೇಳಬೇಕೆಂಬ ಹುರುಪಿನಲ್ಲಿ ತಿರುಪನ್ನು ಪೂರ್ತಿ ಏರಿಸಿದ. ಹೊಳೆಯನ್ನು ಕರೆಯುವ ಮೊದಲನೆಯ ಜಾಗ ಬಂತು. ಮರಕ್ಕೆ ಕಟ್ಟಿದ್ದ ಎರಡೂ ಹಾರ್ನುಗಳಿಂದ ಅಜ್ಜಿಯ ದನಿ ಚೂರುಚೂರಾಗಿ ಅಂಗಳಕ್ಕೆ ಸುರಿಯಿತು. ಧಾರೆಯ ನೀರು ಹಿಡಿದ ಅವ್ವನ ಕೈ ಅಲ್ಲೇ ನಿಂತಿತು.

ನನ್ನ ಪಕ್ಕದಲ್ಲಿದ್ದ ಗಂಡಿನ ಸೋದರತ್ತೆ ಗಟ್ಟಿಯಾಗಿಯೇ ಕೇಳಿದಳು:

"ಇದೇನವ್ವ ಅಪಶಕುನ! ಯಾರ ದನಿ ಅದು?"

ನನ್ನ ಬಳಿ ಉತ್ತರ ಸಿದ್ಧವಾಗಿತ್ತು. ಮೂರು ಅಂಶಗಳಲ್ಲಿ ಸಿದ್ಧವಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಹೆಂಗಸರ ಸಾಲು ಬಿರಿಯಿತು. ಬಾಳೆಕಾಯಿಯ ಕರೆ ಹತ್ತಿದ ಕೈಯನ್ನು ಸೆರಗಿಗೆ ಒರೆಸುತ್ತಾ ಅಜ್ಜಿ ನೇರ ಮೇಜಿನ ಬಳಿ ಬಂದಳು.

"ಇಳ್ಸಪ್ಪ ಅದ್ನ. ಹಾಡು ಸರಿಯಾಗೇ ಅದೆ. ನಿನ್ನ ಡಬ್ಬ ಒದರ್ತಾ ಅದೆ."

"ಅಮ್ಮಚ್ಚೀ, ಕುರಚ್ಚಾಲ್ ಅಕ್ಕರೆ ಕೇಳ್ಕಿಲ್ಲ," ಎಂದ ಅವನು. ಇಳಿಸಿದರೆ ಆಚೆ ದಡಕ್ಕೆ ಕೇಳುವುದಿಲ್ಲವಂತೆ.

"ಆಚೆ ದಡದೋರು ಇಲ್ಲೇ ಕೂತವ್ರೆ ಕಣೋ," ಎಂದು ಅಜ್ಜಿ ತಾನೇ ತಿರುಪು ಹಿಡಿದು ಇಳಿಸಿದಳು. ಚೂರುಗಳು ಕೂಡಿಕೊಂಡವು. ಹಾಡು ಮತ್ತೆ ಹಾಡಾಯಿತು. ಆಗ ನಾನು ನೋಡಿದೆ: ಮೇಜಿಗೂ ಮಂಟಪಕ್ಕೂ ನಡುವೆ ಇದ್ದದ್ದು ನಾಲ್ಕು ಮೊಳ. ಅಷ್ಟು ಮುಂದೆ, ಕುಂಕುಮವಿಲ್ಲದ ಹಣೆಯಲ್ಲಿ, ಅಜ್ಜಿ ಎಲ್ಲರ ಎದುರು ನಿಂತಿದ್ದಳು. ಸೋದರತ್ತೆ ನೋಡಿದಳು. ಅವ್ವ ನೋಡಿದಳು. ಸುನಂದಕ್ಕ ತಲೆ ಎತ್ತಿ ನೋಡಿ, ನೋಟವನ್ನು ಅಲ್ಲೇ ಇಟ್ಟಳು. ಅಜ್ಜಿಗೆ ಯಾರನ್ನೂ ನೋಡುವ ಪುರಸೊತ್ತಿರಲಿಲ್ಲ. ಮೈಕಿನವನು ತಿರುಪಿಗೆ ಮತ್ತೆ ಕೈ ಹಾಕಿದ, ಅವನ ಕೈ ಮೇಲೆ ಒಂದು ಏಟು ಕೊಟ್ಟಳು. ಹಾಡು ಮುಂದೆ ಎಲ್ಲೆಲ್ಲಿ ಏರುತ್ತದೆ ಎಂಬುದು ಆ ಅಂಗಳದಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಸಲ ಹೊಳೆಯನ್ನು ಕರೆಯುವ ಮುಂಚೆ ಒಂದು ಕೂದಲೆಳೆಯಷ್ಟು ಇಳಿಸಿದಳು. ದನಿ ಒಡೆಯದೆ ಮೇಲೆದ್ದು ಇಳಿಯಿತು, ಅವ್ವನ ಕೈಯಿಂದ ನೀರು ಬಿತ್ತು. ಮೂರನೆಯದು ಇನ್ನೂ ಬರಬೇಕಿತ್ತು. ಅಜ್ಜಿ ತಿರುಪಿನಿಂದ ಕೈ ತೆಗೆಯಲಿಲ್ಲ.